23 ವರ್ಷ ತಡವಾಗಿ ಬಂದ ಗೌರವ

ದೇಶಕ್ಕಾಗಿ ಮಡಿದ ಸೈನಿಕರನ್ನು ಗೌರವಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಗೌರವ ಭಾಷಣದ ವೇದಿಕೆಯಿಂದ ಇಳಿದು ಆಡಳಿತದ ಕಡತವನ್ನು ತಲುಪುತ್ತದೆಯೇ ಎಂಬುದು ಮಾತ್ರ ಪ್ರಶ್ನೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಪ್ರಕರಣ ಈ ದೃಷ್ಟಿಯಿಂದ ಮನನೀಯವಾದುದು.

1965ರ ಸೆಪ್ಟೆಂಬರ್ 7ರಂದು ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಿದವು. ಆ ತಂಡದಲ್ಲಿದ್ದ ದೇವಯ್ಯನವರಿಗೆ ಎದುರಾದದ್ದು ಅಮೆರಿಕ ನಿರ್ಮಿತ ಸ್ಟಾರ್‌ಫೈಟರ್. ಶಬ್ದದ ವೇಗದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಯುದ್ಧವಿಮಾನವದು. ಪೆಟ್ಟು ತಿಂದ ತಮ್ಮ ವಿಮಾನದಲ್ಲೇ ಅವರು ತಿರುಗಿಬಿದ್ದು ಅದನ್ನು ಉರುಳಿಸಿದರು. ಎದುರಾಳಿ ಪೈಲಟ್ ಹೊರಜಿಗಿದು ಬದುಕಿಕೊಂಡ, ದೇವಯ್ಯ ಮರಳಲಿಲ್ಲ. ಅವರ ಹೋರಾಟವನ್ನು ಕಂಡು ವರದಿ ಮಾಡಬಲ್ಲವರು ನಮ್ಮ ಕಡೆ ಯಾರೂ ಇಲ್ಲದ್ದರಿಂದ ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಮಾತ್ರವಾದರು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ವಾಯುಸಮರದ ಬಗ್ಗೆ ಬರೆದ ಪುಸ್ತಕದಿಂದ ಸಂಗತಿ ಹೊರಬಂತು. ಅಂದು ಸ್ಕ್ವಾಡ್ರನ್ನನ್ನು ಮುನ್ನಡೆಸಿದ್ದ ಓ.ಪಿ. ತನೇಜಾ ಅದನ್ನು ಸರ್ಕಾರದ ಗಮನಕ್ಕೆ ತಂದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಎದುರು ಪಾಳೆಯದ ನೆನಪನ್ನು ಆಧರಿಸಿದ ಪುಸ್ತಕವೊಂದು ಬಾರದೇ ಹೋಗಿದ್ದರೆ? ಒಂದು ರಾಷ್ಟ್ರದ ಕೃತಜ್ಞತೆ ಇಂತಹ ಆಕಸ್ಮಿಕಕ್ಕೆ ಜೋತುಬೀಳಬಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಸಾರ್ವಜನಿಕ ಸರಕು’ ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ಮೊದಲು ಕೊಡುವ ಉದಾಹರಣೆಯೇ ದೇಶರಕ್ಷಣೆ. ಅದರ ಫಲದಿಂದ ಯಾರನ್ನೂ ಹೊರಗಿಡಲಾಗದು; ತೆರಿಗೆ ಕಟ್ಟಿದವನಿಗೂ ಕಟ್ಟದವನಿಗೂ ಅದು ಸಮಾನ. ಆದರೆ ಅದರ ಪೂರ್ಣ ಬೆಲೆ ಬೀಳುವುದು ಕೆಲವೇ ಮನೆಗಳ ಮೇಲೆ. ಎಲ್ಲರೂ ಉಣ್ಣುವ ಫಲಕ್ಕೆ ಒಂದು ಮನೆ ಬೆಲೆ ತೆತ್ತಾಗ, ಆ ಮನೆಗೆ ನಾವು ಕೊಡುವುದು ಅನುದಾನವಲ್ಲ, ಸಾಲದ ಮರುಪಾವತಿ. ಈ ವ್ಯತ್ಯಾಸ ನಮ್ಮ ಕಚೇರಿಗಳಿಗೆ ಇನ್ನೂ ಪೂರ್ತಿ ಮನವರಿಕೆಯಾಗಿಲ್ಲ. ಮಡಿದ ಯೋಧನ ಪತ್ನಿಯೊಬ್ಬರು ಅದೇ ವಂಶವೃಕ್ಷ, ಅದೇ ಮರಣ ಪ್ರಮಾಣಪತ್ರವನ್ನು ಮೂರು ಮೇಜುಗಳಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕಾದುದನ್ನು ಸೇವೆಯಲ್ಲಿದ್ದಾಗ ನಾನೇ ನೋಡಿದ್ದೇನೆ. ಯಾರೂ ಆಕೆಯನ್ನು ಅವಮಾನಿಸಲಿಲ್ಲ; ನಿಯಮ ಮಾತ್ರ ಆಕೆಯನ್ನು ಇತರ ಅರ್ಜಿದಾರರ ಸಾಲಿನಲ್ಲಿ ನಿಲ್ಲಿಸಿತ್ತು.

ಸ್ವಾತಂತ್ರ್ಯಾನಂತರ ಮಡಿದ ಯೋಧರಿಗಾಗಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು, ಸ್ವಾತಂತ್ರ್ಯ ಬಂದು ಏಳು ದಶಕ ಕಳೆದ ಮೇಲೆ. ಅಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಲಾಗಿದೆ. ಅದು ಸ್ವಾಗತಾರ್ಹ. ಆದರೆ ಆ ಹೆಸರುಗಳಲ್ಲಿ ಬಹುಪಾಲು ಹಳ್ಳಿಗಳಿಂದ ಹೋದವು, ಹಳ್ಳಿಗೆ ಮರಳಬೇಕಾದವು. ಪ್ರತಿ ಜಿಲ್ಲಾ ಗೆಜೆಟಿಯರ್‌ನಲ್ಲಿ ಆ ಜಿಲ್ಲೆಯ ಹುತಾತ್ಮರ ಹೆಸರು, ಊರು, ಮಡಿದ ಸ್ಥಳ, ದಿನಾಂಕ ದಾಖಲಾಗಲಿ. ಕುಟುಂಬಕ್ಕೆ ಸಲ್ಲಬೇಕಾದುದನ್ನು ಅರ್ಜಿಗೆ ಕಾಯದೆ ಜಿಲ್ಲಾಡಳಿತವೇ ಮನೆಬಾಗಿಲಿಗೆ ಮುಟ್ಟಿಸಲಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಧ್ವಜ ಧರಿಸುವುದರ ಜೊತೆಗೆ, ಹಾಗೆ ಬಾಕಿ ಉಳಿದ ಕಡತಗಳೆಷ್ಟು ಎಂಬುದನ್ನು ಪ್ರತಿ ಜಿಲ್ಲಾಧಿಕಾರಿ ಪ್ರಕಟಿಸುವಂತಾಗಲಿ.

ಇವಕ್ಕೆ ಬೇಕಾದ ಹಣ ಅತ್ಯಲ್ಪ, ಬೇಕಾಗಿರುವುದು ಶಿಸ್ತು. ಮಡಿದವರು ತೋರಿದ್ದೂ ಅದನ್ನೇ.