ಬೇಸಗೆಯ ಅಳಿವೆಯಲ್ಲಿ ಮೀನುಬೇಟೆ

ಸಂಸ್ಕೃತದ ‘ವೇಲಾ’ ಎಂಬ ಶಬ್ದಕ್ಕೆ ಕಾಲವೆಂದೂ ಕಡಲತಡಿಯೆಂದೂ ಸಮುದ್ರದ ಉಬ್ಬರವೆಂದೂ ಅರ್ಥಗಳುಂಟು. ನಮ್ಮ ಕರಾವಳಿಯ ಮೊಗವೀರರೂ ಖಾರ್ವಿಗಳೂ ಈ ನಿಘಂಟನ್ನು ಓದದಿದ್ದರೂ ಅರ್ಥವನ್ನು ಚೆನ್ನಾಗಿ ಬಲ್ಲರು. ಬೇಸಗೆಯಲ್ಲಿ ದಡದ ನೀರಿನ ಮೀನುಬೇಟೆಗೆ ಬಲೆಯ ಬೆಲೆಗಿಂತ ವೇಳೆಯ ಅರಿವೇ ಮುಖ್ಯವಾದುದು.

ಕಾರವಾರದ ಕಾಳಿಯಿಂದ ಮಂಗಳೂರಿನ ನೇತ್ರಾವತಿಯವರೆಗೆ ನಮ್ಮ ನದಿಗಳು ಮಾರ್ಚಿನಿಂದ ಮೇ ತಿಂಗಳವರೆಗೆ ಬಡವಾಗುವುವು. ಸಿಹಿನೀರಿನ ಒತ್ತಡ ಕುಗ್ಗಲು, ಉಪ್ಪುನೀರು ಅಳಿವೆಯನ್ನು ದಾಟಿ ಮೈಲಿಗಟ್ಟಲೆ ಒಳಸೇರುವುದು. ಅದರೊಡನೆ ಕಡಲಿನ ಮೀನೂ ಬರುವುದು. ಆದರೆ ನಡುಹಗಲಿನಲ್ಲಿ ಆಳವಿಲ್ಲದ ನೀರು ಕಾಯುವುದಷ್ಟೆ! ಕಾದ ನೀರಿನಲ್ಲಿ ಪ್ರಾಣವಾಯು ಕಡಮೆಯಾಗಿ ಕರಗಿರುವುದರಿಂದ ಮೀನು ಮಡುವನ್ನೋ ಕಾಂಡ್ಲಾ ಗಿಡಗಳ ನೆರಳನ್ನೋ ಸೇರಿ ಜಡವಾಗಿರುವುದು. ಆದುದರಿಂದ ಬೆಳಗಿನ ಜಾವವೂ ಮುಸ್ಸಂಜೆಯೂ ಪ್ರಶಸ್ತವಾದುವು. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ಸಣ್ಣ ದೋಣಿಯವರಿಗೆ ಬೆಳಗೇ ಲೇಸು.

ಇನ್ನು ಉಬ್ಬರವಿಳಿತದ ಲೆಕ್ಕ. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುವುದು. ಅದೇ ಏರಿಕೆ ಮರುದಿನ ಸುಮಾರು ೫೦ ನಿಮಿಷ ತಡವಾಗಿ ಬರುವುದು. ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ, ದಿನಕ್ಕೆ ಎರಡು ಘಳಿಗೆ. ಒಂದು ದಿನದ ಹೊತ್ತನ್ನು ಕಂಡಿಟ್ಟುಕೊಂಡವನು ಪಕ್ಷವಿಡೀ ಎಣಿಸಿಕೊಳ್ಳಬಹುದು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಹಿರಿದು, ಅಷ್ಟಮಿಯ ಸುಮಾರಿಗೆ ಕಿರಿದು. ಮೀನು ತಿನ್ನದ ಮನೆಯವನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ವಾಚಕರು ನಗಬಹುದು. ನಾನು ತಿಥಿಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದ ಕಡಲೂರಿನ ಹುಡುಗರೇ ಅವುಗಳ ಉಪಯೋಗವನ್ನು ನನಗೆ ತಿಳಿಸಿದರು.

ನೀರು ನಿಂತಾಗ ಮೀನು ಅಷ್ಟಾಗಿ ಮೇಯದು, ಹರಿಯುವಾಗ ಮೇಯುವುದು. ಇಳಿತ ಮೊದಲಾಗಿ ಕಾಂಡ್ಲಾ ವನದ ಕಿರುತೋಡುಗಳಿಂದ ನೀರು ಹೊರಬೀಳುವಾಗ ಸಿಗಡಿಯೂ ಮರಿಮೀನೂ ಅದರೊಡನೆ ಜಾರಿಬರುವುವು; ಕೆಂಬೇರಿಯಂತಹ ಬಲವಾದ ಮೀನು ತೋಡಿನ ಬಾಯಲ್ಲಿ ಹೊಂಚಿರುವುದು. ಗಾಳಕ್ಕೆ ಜೀವಂತ ಸಿಗಡಿಯನ್ನು ಸಿಕ್ಕಿಸಿ, ಹರಿವಿನ ಮೇಲ್ಗಡೆಯಿಂದ ಸಹಜವಾಗಿ ತೇಲಿಬಿಡುವುದು ಬಲ್ಲವರ ಕ್ರಮ. ಕಾಣೆ ಮೀನಾದರೋ ಮರಳ ತಳದ್ದು. ಅದನ್ನು ಮರಳದಿಬ್ಬಗಳ ಅಂಚಿನಲ್ಲಿ ಅರಸಬೇಕು.

ಆದರೆ ಅಳಿವೆಯ ಬಾಯಿಯಲ್ಲಿ ಇದೇ ಇಳಿತವು ಮೃತ್ಯುಸಮಾನವಾಗುವುದುಂಟು. ಹೊರಹರಿವ ನೀರಿಗೆ ಕಡಲಿನ ತೆರೆ ಎದುರಾದಾಗ ಅಲೆಗಳು ಕಡಿದಾಗಿ ಮುರಿಯುವುವು. ಆಗ ದೋಣಿಯನ್ನು ಅಲ್ಲಿಗೆ ಒಯ್ಯತಕ್ಕದ್ದಲ್ಲ, ನೀರಿಗಿಳಿದು ನಿಲ್ಲತಕ್ಕದ್ದೂ ಅಲ್ಲ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಗಾಳವನ್ನು ಸುತ್ತಿ ಮನೆ ಸೇರಬೇಕು. ಬಯಲ ನೀರಿನಲ್ಲಿ ನಿಂತವನಿಗಿಂತ ಎತ್ತರದ ವಸ್ತು ಸಿಡಿಲಿಗೆ ಬೇರೆ ಯಾವುದು?

ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆಯಿಂದ ಅಳಿವೆಯನ್ನು ಗೋರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು. ಎಷ್ಟೋ ಜಾತಿಯ ಕಡಲಮೀನುಗಳ ಮರಿಗಳಿಗೆ ಅದೇ ತೊಟ್ಟಿಲು. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ಯಂತ್ರದೋಣಿಗಳಿಗೆ ನಮ್ಮ ಕರಾವಳಿಯಲ್ಲಿ ನಿಷೇಧವಿರುವುದು. ಆಗ ಅನೇಕ ಮನೆಗಳಿಗೆ ನಾಡದೋಣಿಯವರು ತರುವಷ್ಟೇ ಹಸಿಮೀನು; ಉಳಿದ ದಿನಗಳಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ ಹೆಂಗಸರು ಉಪ್ಪು ಹಚ್ಚಿ ಒಣಗಿಸಿ, ಮಳೆಯ ಥಂಡಿ ತಾಗದಂತೆ ಕಟ್ಟಿಟ್ಟ ಒಣಮೀನೇ ಗಂಜಿಗೆ ಜೊತೆ.