ಯೋಗ್ಯತೆಯೂ ಅಂಕಪಟ್ಟಿಯೂ

ಪ್ರತಿ ವರ್ಷವೂ ಪರೀಕ್ಷೆಯ ಫಲಿತಾಂಶವು ಬಂದೊಡನೆ ಬಾಲಿಕೆಯರ ಹೆಸರುಗಳನ್ನು ಅಂಕಗಳ ಕ್ರಮದಲ್ಲಿ ಬರೆದು ಪಾಠಶಾಲೆಯ ಜಗಲಿಯಲ್ಲಿ ತೂಗಹಾಕುವುದು ನಮ್ಮ ಪದ್ಧತಿ. (ಆ ಪಟ್ಟಿಯನ್ನು ಬರೆಯುವುದು ನಮಗೆ ಬಹಳ ಪ್ರಿಯವಾದ ಕೆಲಸವೆಂದು ಒಪ್ಪಿಕೊಳ್ಳುತ್ತೇವೆ.) ಮೇಲಿನ ಹೆಸರುಗಳಿಗೆ ಬಹುಮಾನವೂ ಫೀಜಿನ ಮಾಫಿಯೂ ಸಲ್ಲುತ್ತಿದ್ದುವು. ಕುಲವನ್ನೂ ಸಿರಿತನವನ್ನೂ ಕೇಳದೆ ಯೋಗ್ಯತೆಯೊಂದನ್ನೇ ನೋಡುವ ಈ ಕ್ರಮಕ್ಕಿಂತ ನ್ಯಾಯವಾದುದು ಮತ್ತೊಂದಿಲ್ಲವೆಂದು ಬಹುಕಾಲ ನಂಬಿದ್ದೆವು.

ಇದೇ ವಿಚಾರವು ಒಮ್ಮೆ ಮೈಸೂರು ಸಂಸ್ಥಾನವನ್ನೇ ಕಲಕಿತ್ತು. ಇಂಗ್ಲಿಷ್ ವಿದ್ಯೆಯು ಮೊದಲು ಹೊಕ್ಕ ಬ್ರಾಹ್ಮಣ ಮನೆತನಗಳವರಿಗೇ ಸರಕಾರದ ಹುದ್ದೆಗಳಲ್ಲಿ ಬಹುಪಾಲು ದೊರೆಯುತ್ತಿದ್ದುವು. ಇತರ ಸಮುದಾಯದವರ ಮೊರೆಯನ್ನು ಕೇಳಿ, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಯೋಗ್ಯತೆಯೇ ಅಳತೆಗೋಲಾಗಿರಬೇಕೆಂಬುದು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ನಿಲುವು, ಅವರು ಆ ವರ್ಷವೇ ಪದವಿಯನ್ನು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಇತರರಿಗೆ ಸಲ್ಲಬೇಕೆಂದು ಸಮಿತಿಯು 1919ರಲ್ಲಿ ವರದಿಯಿತ್ತಿತು. ದಕ್ಷತೆಯನ್ನು ಬರಿಯ ಪರೀಕ್ಷೆಯಿಂದ ಅಳೆಯಲಾಗದು. ಸಹಾನುಭೂತಿ, ಪ್ರಾಮಾಣಿಕತೆ, ವಿವೇಕಗಳೂ ಅಷ್ಟೇ ಬೇಕು ಎಂಬುದು ಅದರ ವಾದ.

ಇಂಗ್ಲೆಂಡಿನ ಮೈಕೆಲ್ ಯಂಗ್ ಎಂಬವರು 1958ರಲ್ಲಿ ಯೋಗ್ಯರ ಆಳ್ವಿಕೆಯನ್ನು ಹಾಸ್ಯಮಾಡಿ ಪುಸ್ತಕ ಬರೆದರು. ಗೆದ್ದವನು ಎಲ್ಲವನ್ನೂ ತನ್ನ ಗುಣದ ಫಲವೆಂದೂ, ಸೋತವನು ಎಲ್ಲವನ್ನೂ ತನ್ನ ದೋಷವೆಂದೂ ಎಣಿಸುವ ಕಾಲವು ಬಂದೀತೆಂದು ಅವರಿಗೆ ಅಂಜಿಕೆ.

ಆ ಅಂಜಿಕೆಯ ಅರ್ಥವು ನಮಗೆ ತಿಳಿದುದು ರಾಮನಗರದ ಒಬ್ಬ ಬಾಲಿಕೆಯಿಂದ. ತಾಯಿಯು ರೇಷ್ಮೆ ಬಿಚ್ಚಾಣಿಕೆಯ ಕೂಲಿ. ಬೆಳಗಾಗುವ ಮೊದಲೇ ಕುದಿನೀರಿನ ಗೂಡುಗಳ ಮುಂದೆ ನಿಲ್ಲಬೇಕು. ಅಡುಗೆ, ನೀರು, ಇಬ್ಬರು ತಮ್ಮಂದಿರು, ಎಲ್ಲವೂ ಈ ಮಗುವಿನ ಪಾಲಿಗೆ. ಮನೆಪಾಠದ ಅನುಕೂಲವಿದ್ದ ಮತ್ತೊಬ್ಬಳು ನಾಲ್ಕು ಅಂಕ ಹೆಚ್ಚು ಪಡೆದಳು. ಮಾಫಿಯು ಅವಳಿಗೆ ಹೋಯಿತು. ಇವಳು ಪಟ್ಟಿಯನ್ನು ನೋಡಿ, "ನನಗೆ ಬುದ್ಧಿ ಸಾಲದು, ಅಮ್ಮನವರೆ" ಎಂದಳು. ಮುಂದಿನ ತಿಂಗಳು ಶಾಲೆಗೆ ಬರಲಿಲ್ಲ. ನಾವು ಹುಡುಕಿಕೊಂಡು ಹೋದದ್ದು ತಡವಾಗಿ.

ಈಗ ಬಹುಮಾನವನ್ನು ಅಂಕಗಳಿಂದಲೇ ಕೊಡುತ್ತೇವೆ. ಮಾಫಿಯನ್ನು ಮಾತ್ರ ಮನೆಯನ್ನು ಕಂಡುಬಂದ ಮೇಲೆ ಕೊಡುತ್ತೇವೆ. "ನನ್ನ ಮಗಳು ನಿದ್ದೆಗೆಟ್ಟು ಓದಿದ್ದು ಯೋಗ್ಯತೆಯಲ್ಲವೆ?" ಎಂದು ಮಾಗಡಿಯ ಒಬ್ಬ ತಂದೆಯವರು ನಮ್ಮನ್ನು ಕೇಳಿದರು. ಹೌದೆಂದೆವು. ಅವರು ಸಮಾಧಾನಗೊಳ್ಳಲಿಲ್ಲ, ನಮಗೂ ಪೂರ್ಣವಾದ ಉತ್ತರವು ಹೊಳೆದಿಲ್ಲ.