ದೇಹಗಾತ್ರದ ಕುರಿತ ಮಾತು ಮತ್ತು ಇಬ್ಬಗೆಯ ಮಾನದಂಡ

ದೇಹಗಾತ್ರದ ಕುರಿತ ಇಬ್ಬಗೆಯ ಮಾನದಂಡ ಎಂದರೆ, ಒಬ್ಬರ ಮೈಕಟ್ಟಿನ ಬಗ್ಗೆ ಆಡುವ ಮಾತನ್ನು ಒಂದು ಸಂದರ್ಭದಲ್ಲಿ ಅವಮಾನವೆಂದೂ ಅದೇ ಬಗೆಯ ಮಾತನ್ನು ಮತ್ತೊಂದು ಸಂದರ್ಭದಲ್ಲಿ ಕಾಳಜಿ, ಸಲಿಗೆ ಅಥವಾ ಹಾಸ್ಯವೆಂದೂ ಪರಿಗಣಿಸುವ ಸಾಮಾಜಿಕ ರೂಢಿ. ದಪ್ಪಗಿರುವವರನ್ನು ದಪ್ಪವೆಂದು ಕರೆಯುವುದು ಅಸಭ್ಯವೆನಿಸುವ ಕಡೆಗಳಲ್ಲಿಯೂ ತೆಳ್ಳಗಿರುವವರನ್ನು ಕಡ್ಡಿಯೆಂದು ಕರೆಯುವುದು ತಪ್ಪೆನಿಸದಿರುವುದು ಇದರ ಸಾಮಾನ್ಯ ಉದಾಹರಣೆ. ಮಾತಿಗೆ ಗುರಿಯಾದವರು ಹೆಣ್ಣೋ ಗಂಡೋ, ಕಿರಿಯರೋ ಹಿರಿಯರೋ ಎಂಬುದರ ಮೇಲೂ ಈ ಮಾನದಂಡ ಬದಲಾಗುತ್ತದೆ. ದೇಹದ ಆಕಾರವನ್ನು ಹೀಗಳೆಯುವುದಕ್ಕೆ ಕನ್ನಡದ ಪತ್ರಿಕೆಗಳಲ್ಲಿ ‘ದೇಹನಿಂದನೆ’ ಎಂಬ ಪದವೂ ‘ಬಾಡಿ ಶೇಮಿಂಗ್’ ಎಂಬ ಪದವೂ ಬಳಕೆಯಲ್ಲಿವೆ. ಇಬ್ಬಗೆಯ ಮಾನದಂಡವು ಈ ನಿಂದನೆಯ ಒಂದು ಭಾಗ. ಯಾವ ಮಾತು ನಿಂದನೆ, ಯಾವುದು ಅಲ್ಲ ಎಂಬುದನ್ನು ಕೇಳಿಸಿಕೊಂಡವರು ತೀರ್ಮಾನಿಸದೆ ಆಡಿದವರೇ ತೀರ್ಮಾನಿಸುವುದು ಇದರ ಮುಖ್ಯ ಲಕ್ಷಣ.

ಕನ್ನಡದ ಪದಬಳಕೆ

ದೇಹಗಾತ್ರವನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹೇರಳವಾಗಿವೆ. ದಪ್ಪಗಿರುವವರಿಗೆ ಡುಮ್ಮ, ಡುಮ್ಮಿ, ಗುಂಡ, ಧಡಿಯ, ಠೊಣಪ, ಧಡೂತಿ ಎಂಬ ಪದಗಳೂ ತೆಳ್ಳಗಿರುವವರಿಗೆ ಸಣಕಲ, ಬಡಕಲ, ಪೀಚಲು, ನರಪೇತಲ, ಕಡ್ಡಿ ಎಂಬ ಪದಗಳೂ ಆಡುಮಾತಿನಲ್ಲಿವೆ. ಇವುಗಳಲ್ಲಿ ಬಹುಪಾಲು ಹೀಯಾಳಿಕೆಯ ಅರ್ಥವನ್ನು ಹೊಂದಿವೆ. ‘ಗುಂಡ’ ಎಂಬುದು ಮನೆಮಂದಿ ಮಗುವನ್ನು ಪ್ರೀತಿಯಿಂದ ಕರೆಯುವ ಹೆಸರೂ ಆಗಬಲ್ಲದು, ಶಾಲೆಯ ಅಂಗಳದಲ್ಲಿ ಬೈಗುಳವೂ ಆಗಬಲ್ಲದು.

ಮೆಚ್ಚುಗೆಯ ನುಡಿಗಟ್ಟುಗಳೂ ಇವೆ. ‘ಮೈಕೈ ತುಂಬಿಕೊಂಡಿದ್ದಾಳೆ’, ‘ದುಂಡುದುಂಡಗಿದ್ದಾನೆ’ ಎಂಬ ಮಾತುಗಳು ಆರೋಗ್ಯವನ್ನೂ ಸುಖವನ್ನೂ ಸೂಚಿಸುತ್ತವೆ. ‘ಸೊರಗಿದ್ದೀಯ’, ‘ಇಳಿದುಹೋಗಿದ್ದೀಯ’ ಎಂಬ ಮಾತುಗಳು ಬಹುಕಾಲದ ನಂತರ ಭೇಟಿಯಾದ ಬಂಧುಗಳು ಕ್ಷೇಮ ವಿಚಾರಿಸುವ ಕ್ರಮವಾಗಿ ಬಳಕೆಯಾಗುತ್ತವೆ. ಆದ್ದರಿಂದ ಕನ್ನಡ ಸಮಾಜದಲ್ಲಿ ದೇಹಗಾತ್ರದ ಪ್ರಸ್ತಾಪವೆಲ್ಲವೂ ನಿಂದನೆಯಲ್ಲ. ದೂರದ ಊರಿನಿಂದ ಬಂದ ಮಗನನ್ನು ಕಂಡು ತಾಯಿ ಆಡುವ ‘ಸೊರಗಿದ್ದೀಯ’ ಎಂಬ ಮಾತನ್ನೇ ಮದುವೆಯ ಛತ್ರದಲ್ಲಿ ನೆಂಟರೊಬ್ಬರು ಹತ್ತು ಜನರೆದುರು ಆಡಿದಾಗ ಅದರ ಪರಿಣಾಮ ಬೇರೆಯಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ ಎಂದು ಹೆಸರು. ದೇಹದ ದೃಷ್ಟಿಯಿಂದ ನಿಂದಿತರೆನಿಸುವ ಎಂಟು ಬಗೆಯವರನ್ನು ಅದು ಹೆಸರಿಸುತ್ತದೆ: ಅತಿ ಎತ್ತರದವರು, ಅತಿ ಗಿಡ್ಡರು, ಅತಿ ರೋಮವುಳ್ಳವರು, ರೋಮವಿಲ್ಲದವರು, ಅತಿ ಕಪ್ಪಿನವರು, ಅತಿ ಬಿಳುಪಿನವರು, ಅತಿ ಸ್ಥೂಲರು ಮತ್ತು ಅತಿ ಕೃಶರು. ಇವರಲ್ಲಿ ಕೊನೆಯ ಇಬ್ಬರ ಸ್ಥಿತಿಯನ್ನು ಗ್ರಂಥವು ವಿಶೇಷವಾಗಿ ಚರ್ಚಿಸಿ, ಕಾರಣ ಮತ್ತು ಚಿಕಿತ್ಸೆಗಳನ್ನು ವಿವರಿಸುತ್ತದೆ. ಸ್ಥೂಲತೆಗಿಂತ ಕೃಶತೆ ಮೇಲು ಎಂದು ಹೇಳಿದರೂ, ಎರಡನ್ನೂ ವೈದ್ಯರ ಗಮನ ಬೇಡುವ ಸ್ಥಿತಿಗಳೆಂದು ಒಂದೇ ಅಧ್ಯಾಯದಲ್ಲಿ ಪರಿಗಣಿಸಿರುವುದು ಗಮನಾರ್ಹ.

ಜನಸಾಮಾನ್ಯರ ದೃಷ್ಟಿಯನ್ನು ರೂಪಿಸಿದ್ದು ಮುಖ್ಯವಾಗಿ ಅನ್ನದ ಕೊರತೆ. 1876–78ರ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನೂ ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿದ್ದ ಕನ್ನಡ ಜಿಲ್ಲೆಗಳನ್ನೂ ತೀವ್ರವಾಗಿ ಬಾಧಿಸಿತು. ಹಸಿವು ಮತ್ತು ಕ್ಷಯರೋಗಗಳು ಸಾಮಾನ್ಯವಾಗಿದ್ದ ಕಾಲದಲ್ಲಿ ತೆಳುದೇಹವು ಬಡತನದ ಅಥವಾ ಕಾಯಿಲೆಯ ಗುರುತಾಗಿಯೂ ತುಂಬಿದ ದೇಹವು ಅನುಕೂಲಸ್ಥರ ಗುರುತಾಗಿಯೂ ಕಂಡಿತು. ನಗರ ಜೀವನ, ಜಾಹೀರಾತು ಮತ್ತು ಚಲನಚಿತ್ರಗಳ ಪ್ರಭಾವದಿಂದ 20ನೆಯ ಶತಮಾನದ ಉತ್ತರಾರ್ಧದಲ್ಲಿ ತೆಳುದೇಹವು, ಅದರಲ್ಲಿಯೂ ಸ್ತ್ರೀಯರ ತೆಳುದೇಹವು, ಸೌಂದರ್ಯದ ಅಳತೆಗೋಲಾಯಿತು. ಹಳೆಯ ದೃಷ್ಟಿ ಸಂಪೂರ್ಣವಾಗಿ ಮರೆಯಾಗದೆ ಹೊಸದರ ಜೊತೆಯಲ್ಲಿಯೇ ಉಳಿದುದರಿಂದ, ಒಂದೇ ಕುಟುಂಬದಲ್ಲಿ ಅಜ್ಜಿಯು ಮೊಮ್ಮಗಳನ್ನು ಸೊರಗಿದ್ದಾಳೆಂದು ಆಕ್ಷೇಪಿಸಿದರೆ ಸೋದರತ್ತೆಯು ಅದೇ ಹುಡುಗಿ ಇನ್ನೂ ಇಳಿಯಬೇಕೆಂದು ಹೇಳುವ ಸನ್ನಿವೇಶ ಉಂಟಾಗುತ್ತದೆ.

ಮಾನದಂಡ ಬದಲಾಗುವ ಬಗೆಗಳು

ದಪ್ಪ ಮತ್ತು ತೆಳು: ತೆಳ್ಳಗಿರುವುದು ಹೊಗಳಿಕೆಗೆ ಯೋಗ್ಯವೆಂಬ ಭಾವನೆಯಿಂದಾಗಿ ತೆಳುದೇಹದ ಬಗ್ಗೆ ಆಡಿದ ಮಾತು ನೋಯಿಸಲಾರದೆಂದು ಹಲವರು ತಿಳಿಯುತ್ತಾರೆ. ‘ಮನೆಯಲ್ಲಿ ಊಟ ಹಾಕುವುದಿಲ್ಲವೇ?’, ‘ಗಾಳಿ ಬೀಸಿದರೆ ಹಾರಿಹೋಗುತ್ತೀಯ’ ಎಂಬ ಮಾತುಗಳು ಹಾಸ್ಯವೆನಿಸುತ್ತವೆ. ‘ಇಷ್ಟೊಂದು ತಿನ್ನಬೇಡ’ ಎಂದು ದಪ್ಪಗಿರುವವರಿಗೆ ಹೇಳುವುದು ಒರಟುತನವೆಂದು ಒಪ್ಪುವವರೂ ‘ಸ್ವಲ್ಪ ತಿನ್ನು’ ಎಂದು ತೆಳ್ಳಗಿರುವವರಿಗೆ ಹೇಳಲು ಹಿಂಜರಿಯುವುದಿಲ್ಲ. ಎರಡೂ ಮಾತುಗಳು ಒಬ್ಬರ ತಟ್ಟೆಯನ್ನೂ ಮೈಯನ್ನೂ ಇತರರ ಪರಿಶೀಲನೆಗೆ ಒಡ್ಡುತ್ತವೆ. ಆದರೆ ಇವೆರಡರ ಹೊರೆ ಸಮಾನವಲ್ಲ ಎಂಬ ವಾದವೂ ಇದೆ. ದಪ್ಪಗಿರುವವರು ಮಾತಿನ ಜೊತೆಗೆ ಉದ್ಯೋಗ, ಚಿಕಿತ್ಸೆ, ಆಸನ ಮತ್ತು ಉಡುಪುಗಳ ವಿಷಯದಲ್ಲಿಯೂ ತಾರತಮ್ಯವನ್ನು ಎದುರಿಸಬೇಕಾಗುತ್ತದೆ ಎಂಬುದು ಈ ವಾದದ ಸಾರ.

ಹೆಣ್ಣು ಮತ್ತು ಗಂಡು: ಪುರುಷನ ಹೊಟ್ಟೆ ಬಂದರೆ ಅದು ಅನುಕೂಲದ ಲಕ್ಷಣವೆಂದು ನಗೆಯಲ್ಲಿ ತೇಲಿಹೋಗುವುದುಂಟು. ಸ್ತ್ರೀಯ ವಿಷಯದಲ್ಲಿ ಅದು ಶಿಸ್ತಿನ ಕೊರತೆಯೆನಿಸುತ್ತದೆ. ವಧು ಬೇಕೆಂಬ ವೈವಾಹಿಕ ಜಾಹೀರಾತುಗಳಲ್ಲಿ ತೆಳ್ಳಗಿನ, ಬೆಳ್ಳಗಿನ ಹುಡುಗಿಯನ್ನು ಕೇಳುವುದು ಬಹುಕಾಲದ ರೂಢಿ. ವರನ ಬಗ್ಗೆ ಸಾಮಾನ್ಯವಾಗಿ ವಿದ್ಯೆ, ಉದ್ಯೋಗ ಮತ್ತು ವರಮಾನಗಳ ವಿವರವಿರುತ್ತದೆ. ಪುರುಷರಲ್ಲಿ ನಿಂದನೆಗೆ ಹೆಚ್ಚು ಗುರಿಯಾಗುವವರು ತೆಳ್ಳಗಿರುವವರು ಮತ್ತು ಗಿಡ್ಡಗಿರುವವರು. ಬಲವೇ ಗಂಡಸಿನ ಗುಣವೆಂಬ ನಂಬಿಕೆ ಇದರ ಮೂಲ. ಗಂಡಸರು ಇಂಥ ಮಾತಿನಿಂದ ನೋಯಬಾರದೆಂಬ ನಿರೀಕ್ಷೆಯೂ ಇರುವುದರಿಂದ ಅವರ ನೋವು ಹೊರಗೆ ಬರುವುದು ವಿರಳ.

ಹಿರಿಯರು ಮತ್ತು ಕಿರಿಯರು: ಹಿರಿಯರು ಕಿರಿಯರ, ಮೇಲಧಿಕಾರಿಗಳು ಕೈಕೆಳಗಿನವರ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ದೇಹದ ಬಗ್ಗೆ ಆಡುವ ಮಾತಿಗೆ ಸಮ್ಮತಿಯಿದೆ. ಅದೇ ಮಾತನ್ನು ಸೊಸೆಯು ಅತ್ತೆಗೆ ಅಥವಾ ವಿದ್ಯಾರ್ಥಿಯು ಶಿಕ್ಷಕರಿಗೆ ಹೇಳಿದರೆ ಉದ್ಧಟತನವಾಗುತ್ತದೆ. ಮಾತು ನಿಜಕ್ಕೂ ನಿರಪಾಯವಾಗಿದ್ದರೆ ಅದು ಎರಡು ದಿಕ್ಕಿನಲ್ಲಿಯೂ ಸಲ್ಲಬೇಕಾಗಿತ್ತು. ಸಲ್ಲದಿರುವುದರಿಂದ ಅದರಲ್ಲಿ ಅಧಿಕಾರದ ಅಂಶವಿದೆ ಎಂಬುದು ಸ್ಪಷ್ಟವಾಗುತ್ತದೆ.

ಶಿಶು ಮತ್ತು ಬಾಣಂತಿ: ಶಿಶುವಿನ ಮೈಕಟ್ಟನ್ನು ಎಲ್ಲರೆದುರು ಹೊಗಳಿದರೆ ದೃಷ್ಟಿ ತಾಗುತ್ತದೆಂಬ ನಂಬಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದು ಈ ನಂಬಿಕೆಯ ಆಚರಣೆಗಳು. ಇದರ ಸತ್ಯಾಸತ್ಯತೆ ಏನೇ ಇರಲಿ, ದೇಹದ ಬಗ್ಗೆ ಆಡುವ ಮಾತಿನಿಂದ ಕೇಡಾಗಬಹುದೆಂಬ ಎಚ್ಚರಿಕೆ ಅದರಲ್ಲಿದೆ. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಈ ಎಚ್ಚರಿಕೆ ಇಲ್ಲವಾಗುತ್ತದೆ. ಬಾಣಂತಿಯ ವಿಷಯದಲ್ಲಿಯೂ ಇಂಥದೇ ತಿರುವು ಕಂಡುಬರುತ್ತದೆ. ಮೊದಲ ತಿಂಗಳುಗಳಲ್ಲಿ ಮೈ ತುಂಬಿಕೊಳ್ಳಲೆಂದು ತುಪ್ಪ, ಅಂಟಿನುಂಡೆಗಳನ್ನು ಕೊಟ್ಟು ಆರೈಕೆ ಮಾಡುವವರೇ ಕೆಲವು ತಿಂಗಳ ನಂತರ ಮೈ ಇಳಿಸಲಿಲ್ಲವೆಂದು ಆಕ್ಷೇಪಿಸುವುದುಂಟು.

ಆರೋಗ್ಯದ ಸಮರ್ಥನೆ

ದೇಹಗಾತ್ರದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಕೊಡುವ ಕಾರಣ ಆರೋಗ್ಯ. ಭಾರತದಲ್ಲಿ ತೂಕದ ಹೆಚ್ಚಳವೂ ಕೊರತೆಯೂ ನಿಜವಾದ ಸಮಸ್ಯೆಗಳೇ ಆಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 18.7ರಷ್ಟು ಮಂದಿ ಕಡಿಮೆ ತೂಕದವರು, ಶೇ. 24ರಷ್ಟು ಮಂದಿ ಹೆಚ್ಚು ತೂಕ ಅಥವಾ ಬೊಜ್ಜು ಉಳ್ಳವರು. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣಗಳು ಕ್ರಮವಾಗಿ ಶೇ. 16.2 ಮತ್ತು ಶೇ. 22.9.

ಈ ವರ್ಗೀಕರಣಕ್ಕೆ ಬಳಸುವ ಅಳತೆ ಬಿ.ಎಂ.ಐ. ಎಂದು ಪರಿಚಿತವಾದ ದೇಹ ದ್ರವ್ಯರಾಶಿ ಸೂಚ್ಯಂಕ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಇದು ದೊರೆಯುತ್ತದೆ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ ಇದನ್ನು ರೂಪಿಸಿದರು. ಜನಸಮುದಾಯದ ಸರಾಸರಿ ಮನುಷ್ಯನನ್ನು ಕಂಡುಕೊಳ್ಳುವುದು ಅವರ ಉದ್ದೇಶವಾಗಿತ್ತೇ ಹೊರತು ವ್ಯಕ್ತಿಯ ರೋಗನಿರ್ಣಯವಲ್ಲ. ಈಗಿನ ಹೆಸರನ್ನು 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಬಳಕೆಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ 18.5ಕ್ಕಿಂತ ಕೆಳಗಿನದು ಕಡಿಮೆ ತೂಕ, 25 ಮತ್ತು ಅದಕ್ಕಿಂತ ಮೇಲಿನದು ಹೆಚ್ಚು ತೂಕ, 30 ಮತ್ತು ಅದಕ್ಕಿಂತ ಮೇಲಿನದು ಬೊಜ್ಜು. ಏಷ್ಯಾದ ಜನರಲ್ಲಿ ಅಪಾಯವು 23ರಿಂದಲೇ ಗಮನಾರ್ಹವೆಂದು ಸಂಸ್ಥೆಯ ತಜ್ಞರ ಸಮಾಲೋಚನೆಯ 2004ರ ವರದಿ ಸೂಚಿಸಿತು.

ನೋಟದಿಂದ ಆರೋಗ್ಯವನ್ನು ಅಳೆಯಲಾಗದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3 ಆಗಿತ್ತು. ಆದರೆ ಯುಡ್ಕಿನ್ ಅವರ ದೇಹದಲ್ಲಿ ಶೇ. 9.1ರಷ್ಟು ಕೊಬ್ಬಿದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2ರಷ್ಟಿತ್ತು. ತೆಳ್ಳಗೆ ಕಾಣುವ ಭಾರತೀಯರಲ್ಲಿಯೂ ಮಧುಮೇಹ ಹೆಚ್ಚಾಗಿರುವುದಕ್ಕೆ ಇಂಥ ಅಡಗಿದ ಕೊಬ್ಬು ಒಂದು ಕಾರಣವೆಂದು ಹೇಳಲಾಗುತ್ತದೆ.

ತೂಕದ ಬದಲಾವಣೆಗೆ ಕಾರಣಗಳು ಹಲವು. ಥೈರಾಯಿಡ್ ಗ್ರಂಥಿಯ ತೊಂದರೆ, ಪಿ.ಸಿ.ಒ.ಎಸ್., ಸ್ಟೆರಾಯ್ಡ್ ಔಷಧಿಗಳು ಮತ್ತು ಕೆಲವು ಮನೋರೋಗಗಳ ಔಷಧಿಗಳು ತೂಕವನ್ನು ಹೆಚ್ಚಿಸಬಹುದು. ಕ್ಷಯ, ಕ್ಯಾನ್ಸರ್ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹಗಳಲ್ಲಿ ತೂಕ ಇಳಿಯುತ್ತದೆ. ಇಂಥ ಕಾಯಿಲೆಯಿಂದ ಮೈ ಇಳಿದವರನ್ನು ಕಂಡು, ತೆಳ್ಳಗಾದರೆಂದು ಅಭಿನಂದಿಸುವ ಪ್ರಸಂಗಗಳೂ ನಡೆಯುತ್ತವೆ. ತೂಕ ಇಳಿಕೆಯು ಕ್ಷಯದ ಪ್ರಮುಖ ಲಕ್ಷಣಗಳಲ್ಲೊಂದು. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರಲ್ಲಿ ಈ ಮೊತ್ತವನ್ನು 1000 ರೂಪಾಯಿಗೆ ಏರಿಸಲಾಯಿತು.

ಪರಿಣಾಮಗಳು

ದೇಹಗಾತ್ರದ ಬಗೆಗಿನ ಹೀಯಾಳಿಕೆಯು ತೂಕ ಇಳಿಸಲು ಪ್ರೇರಣೆಯಾಗುತ್ತದೆಂಬ ನಂಬಿಕೆಯನ್ನು ಸಂಶೋಧನೆಗಳು ಸಮರ್ಥಿಸುವುದಿಲ್ಲ. ಹೀಗೆ ಅವಮಾನಿತರಾದವರಲ್ಲಿ ಒತ್ತಡ, ಖಿನ್ನತೆ, ಹತೋಟಿಯಿಲ್ಲದ ತಿನ್ನುವಿಕೆ, ವ್ಯಾಯಾಮದ ಸ್ಥಳಗಳಿಗೆ ಹೋಗಲು ಸಂಕೋಚ ಮತ್ತು ವೈದ್ಯರನ್ನು ಕಾಣುವುದನ್ನು ಮುಂದೂಡುವ ಪ್ರವೃತ್ತಿಗಳು ಕಂಡುಬಂದಿವೆ. ಬೊಜ್ಜಿನ ಸುತ್ತಲಿನ ಕಳಂಕವನ್ನು ಕೊನೆಗಾಣಿಸಬೇಕೆಂದು ಹಲವು ದೇಶಗಳ ತಜ್ಞರು 2020ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಜಂಟಿ ಹೇಳಿಕೆ ಪ್ರಕಟಿಸಿದರು.

ಹದಿಹರೆಯದವರಲ್ಲಿ ಪರಿಣಾಮ ಹೆಚ್ಚು ತೀವ್ರ. ಮೈ ಬೆಳೆಯುವ ಈ ವಯಸ್ಸಿನಲ್ಲಿ ತೂಕವು ಏರಿಳಿಯುವುದು ಸಹಜ. ಸಹಪಾಠಿಗಳು ಇಟ್ಟ ಅಡ್ಡಹೆಸರಿನ ಕಾರಣದಿಂದ ಆಟದ ತಂಡಕ್ಕೆ ಸೇರದಿರುವುದು, ವಾರ್ಷಿಕೋತ್ಸವದ ವೇದಿಕೆಯಿಂದ ದೂರ ಉಳಿಯುವುದು, ಮಧ್ಯಾಹ್ನದ ಊಟವನ್ನು ಬಿಡುವುದು ಇದರ ಹೊರಗಿನ ಚಿಹ್ನೆಗಳು. ತೆಳ್ಳಗಿರುವ ಮಕ್ಕಳಲ್ಲಿಯೂ ಇವೇ ಚಿಹ್ನೆಗಳು ಕಾಣಬಹುದಾದರೂ, ಅವರನ್ನು ಅಣಕಿಸುವುದು ತಮಾಷೆಯೆಂಬ ಭಾವನೆಯಿಂದ ಹಿರಿಯರು ಗಮನಿಸದೆ ಹೋಗುವ ಸಂಭವ ಹೆಚ್ಚು.

ಚಲನಚಿತ್ರಗಳಲ್ಲಿ

ಭಾರತೀಯ ಚಲನಚಿತ್ರಗಳಲ್ಲಿ ಸ್ಥೂಲದೇಹವು ಬಹುಕಾಲ ಹಾಸ್ಯದ ಸಾಮಗ್ರಿಯಾಗಿತ್ತು. 1940ರ ದಶಕದಲ್ಲಿ ಹಿಂದಿಯ ಹಿನ್ನೆಲೆ ಗಾಯಕಿಯಾಗಿ ಹೆಸರಾದ ಉಮಾದೇವಿ ಖತ್ರಿ ಮುಂದೆ ‘ಟುನ್ ಟುನ್’ ಎಂಬ ಹೆಸರಿನಲ್ಲಿ ಹಾಸ್ಯನಟಿಯಾದರು. ಆ ಹೆಸರು ದಪ್ಪಗಿರುವ ಹೆಂಗಸರನ್ನು ಅಣಕಿಸುವ ಪದವಾಗಿ ಜನರ ಬಾಯಲ್ಲಿ ಉಳಿಯಿತು. 2015ರಲ್ಲಿ ಬಂದ ಹಿಂದಿಯ ‘ದಮ್ ಲಗಾ ಕೆ ಹೈಶಾ’ ಮತ್ತು ಮಂಗಳೂರು ಮೂಲದ ಅನುಷ್ಕಾ ಶೆಟ್ಟಿ ತೂಕ ಹೆಚ್ಚಿಸಿಕೊಂಡು ಅಭಿನಯಿಸಿದ ತೆಲುಗಿನ ‘ಸೈಜ್ ಜೀರೋ’ ಚಿತ್ರಗಳಲ್ಲಿ ದಪ್ಪಗಿನ ಹೆಣ್ಣೇ ಕಥಾನಾಯಕಿ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ಅಭಿನಯಿಸಿದ ಕನ್ನಡದ ‘ಒಂದು ಮೊಟ್ಟೆಯ ಕಥೆ’ (2017) ಇಬ್ಬಗೆಯ ಮಾನದಂಡವನ್ನು ನೇರವಾಗಿ ತೋರಿಸುತ್ತದೆ. ಬಕ್ಕತಲೆಯ ಕಾರಣದಿಂದ ಅವಮಾನ ಅನುಭವಿಸುವ ಕನ್ನಡ ಅಧ್ಯಾಪಕನೇ ತಾನು ನೋಡುವ ಹುಡುಗಿಯರನ್ನು ರೂಪದಿಂದ ಅಳೆಯುತ್ತಾನೆ.

ಕಾನೂನಿನ ದೃಷ್ಟಿ

ಭಾರತದಲ್ಲಿ ದೇಹನಿಂದನೆಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಆದರೆ ಹಲವು ಕಾಯಿದೆ ಮತ್ತು ನಿಯಮಗಳ ವ್ಯಾಪ್ತಿಗೆ ಅದು ಬರಬಹುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಅವಮಾನ, ಅಪಹಾಸ್ಯ ಮತ್ತು ಹೀನ ಹೆಸರುಗಳಿಂದ ಕರೆಯುವುದನ್ನು ಮಾತಿನ ಹಾಗೂ ಭಾವನಾತ್ಮಕ ಹಿಂಸೆಯೆಂದು ಪರಿಗಣಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ರ‍್ಯಾಗಿಂಗ್ ತಡೆಗೆ 2009ರಲ್ಲಿ ರೂಪಿಸಿದ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ತಂದು, ಬಣ್ಣ, ಜಾತಿ, ಲಿಂಗಗಳ ಜೊತೆಗೆ ರೂಪದ ಕಾರಣಕ್ಕಾಗಿ ನೀಡುವ ದೈಹಿಕ, ಮಾನಸಿಕ ಹಿಂಸೆಯನ್ನೂ ಸೇರಿಸಿತು.

ಹೊಗಳಿಕೆಯ ರೂಪದ ಮಾತೂ ನ್ಯಾಯಾಲಯದ ಪರಿಶೀಲನೆಗೆ ಬಂದಿದೆ. ಸಹೋದ್ಯೋಗಿ ಮಹಿಳೆಗೆ ಒಳ್ಳೆಯ ಮೈಕಟ್ಟಿದೆ ಎಂದು ಹೇಳುವುದು ಲೈಂಗಿಕ ಸ್ವರೂಪದ ಮಾತಲ್ಲವೆಂಬ ಆರೋಪಿಯ ವಾದವನ್ನು ಕೇರಳ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಒಪ್ಪದೆ, ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು.

ಅಮೆರಿಕದ ಮಿಷಿಗನ್ ರಾಜ್ಯದ 1976ರ ನಾಗರಿಕ ಹಕ್ಕುಗಳ ಕಾಯಿದೆಯು ಎತ್ತರ ಮತ್ತು ತೂಕದ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ನ್ಯೂಯಾರ್ಕ್ ನಗರವು 2023ರಲ್ಲಿ ಇಂಥದೇ ಕಾನೂನನ್ನು ಜಾರಿಗೆ ತಂದಿತು. ಈ ಕಾನೂನುಗಳು ತೂಕ ಹೆಚ್ಚಿರುವವರಿಗೆ ಮಾತ್ರ ಸೀಮಿತವಾಗಿಲ್ಲ. ತೂಕ ಕಡಿಮೆಯಿರುವವರಿಗೂ ಅವು ಅನ್ವಯಿಸುತ್ತವೆ.

ಕಾಳಜಿ ಮತ್ತು ಟೀಕೆಯ ನಡುವಣ ವ್ಯತ್ಯಾಸ

ಕಾಳಜಿಯ ಮಾತು ಮತ್ತು ಟೀಕೆಯನ್ನು ಬೇರ್ಪಡಿಸಲು ಸಾಮಾನ್ಯವಾಗಿ ಕೆಲವು ಅಂಶಗಳನ್ನು ಗಮನಿಸಲಾಗುತ್ತದೆ: ಮಾತು ಖಾಸಗಿಯಾಗಿ ನಡೆಯಿತೇ ಅಥವಾ ಜನರೆದುರು ನಡೆಯಿತೇ, ಆಡಿದವರಿಗೆ ಕೇಳಿದವರ ಕ್ಷೇಮದ ಹೊಣೆ ಇದೆಯೇ, ಉತ್ತರಿಸಲು ಅವಕಾಶವಿತ್ತೇ, ದೇಹದ ಬದಲಾವಣೆಗೆ ಕಾರಣ ತಿಳಿದಿತ್ತೇ. ‘ಆರೋಗ್ಯ ಹೇಗಿದೆ?’ ಎಂಬ ಪ್ರಶ್ನೆಯು ಉತ್ತರ ಹೇಳುವ ಅಥವಾ ಹೇಳದಿರುವ ಸ್ವಾತಂತ್ರ್ಯವನ್ನು ಕೇಳಿಸಿಕೊಂಡವರಿಗೆ ಬಿಡುತ್ತದೆ. ‘ಎಷ್ಟು ದಪ್ಪಗಾಗಿದ್ದೀಯ’, ‘ಎಷ್ಟು ಸೊರಗಿದ್ದೀಯ’ ಎಂಬ ಮಾತುಗಳು ತೀರ್ಪನ್ನು ಮೊದಲೇ ಹೇಳಿ, ಅದಕ್ಕೆ ವಿವರಣೆ ಕೊಡುವ ಹೊರೆಯನ್ನು ಅವರ ಮೇಲೆ ಹೊರಿಸುತ್ತವೆ. ಈ ದೃಷ್ಟಿಯಿಂದ ನೋಡಿದಾಗ ದಪ್ಪ ಮತ್ತು ತೆಳುವಿನ ನಡುವೆ, ಹೆಣ್ಣು ಮತ್ತು ಗಂಡಿನ ನಡುವೆ ಬೇರೆ ಬೇರೆ ಮಾನದಂಡಗಳಿಗೆ ಆಧಾರ ಉಳಿಯುವುದಿಲ್ಲ.